ಕಾಸರಗೋಡಿನ ನ್ಯಾಯ, ಭದ್ರಾವತಿಯ ನ್ಯಾಯ

ಭದ್ರಾವತಿಗೆ ಹೋದವರಿಗೆ ಅಲ್ಲಿ ಒಂದಲ್ಲ, ಎರಡು ಊರುಗಳಿವೆಯೆಂಬುದು ಕೂಡಲೆ ತಿಳಿಯುತ್ತದೆ. ಒಂದು, ಹಿಂದೆ ಬೆಂಕಿಪುರವೆಂದು ಕರೆಯಿಸಿಕೊಳ್ಳುತ್ತಿದ್ದ ಹಳೆಯ ಊರು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿರುವುದು ಅಲ್ಲಿ. ಇನ್ನೊಂದು, ಕಬ್ಬಿಣದ ಕಾರ್ಖಾನೆಯೊಡನೆ ಹುಟ್ಟಿ ಬೆಳೆದ ನ್ಯೂ ಟೌನ್. ಇದನ್ನು ಹೊಸ ಊರೆಂದು ಕರೆಯುವವರನ್ನು ನಾವು ಕಂಡಿಲ್ಲ. ಹೆಸರು ಇಂಗ್ಲಿಷಿನದು, ಆದರೆ ಕನ್ನಡಿಗನೂ ತಮಿಳನೂ ಮುಸಲ್ಮಾನನೂ ಒಂದೇ ಬಗೆಯಾಗಿ ಉಚ್ಚರಿಸುವುದರಿಂದ ಅದು ಈಗ ಯಾರ ಭಾಷೆಯ ಮಾತೆಂದು ಹೇಳುವುದು ಕಷ್ಟವೇ ಸರಿ.

ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರ ಸರ್ಕಾರವು 1918ರಲ್ಲಿ ಈ ಉದ್ಯಮಕ್ಕೆ ಕೈಹಾಕಿತು. 1923ರಲ್ಲಿ ಕುಲುಮೆ ಹೊತ್ತಿತು. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಬಂದದ್ದು ಮಲೆನಾಡಿನ ಕಾಡುಗಳಿಂದ. ಆಳುಗಳು ಎಲ್ಲಿಂದ ಬಂದರು? ಸುತ್ತಿನ ಹಳ್ಳಿಗಳಿಂದ ಬಂದವರುಂಟು. ತಮಿಳು ಸೀಮೆಯಿಂದ, ತೆಲುಗು ಸೀಮೆಯಿಂದ, ಮಲೆಯಾಳದಿಂದ ಬಂದವರೂ ಉಂಟು. ಉರ್ದು ಮಾತನಾಡುವ ಕುಟುಂಬಗಳು ಕಾರ್ಖಾನೆಯಲ್ಲಿಯೂ ಪೇಟೆಯಲ್ಲಿಯೂ ನೆಲೆಸಿದುವು. 1930ರ ದಶಕದಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪಿತವಾದ ಮೇಲೆ ಈ ಬೆರಕೆ ಇನ್ನಷ್ಟು ಗಾಢವಾಯಿತು. ಇವರು ಕಳ್ಳದಾರಿಯಿಂದ ನುಗ್ಗಿದವರಲ್ಲ. ಮೈಸೂರು ಸಂಸ್ಥಾನಕ್ಕೆ ಇವರ ತೋಳು ಬೇಕಾಗಿದ್ದುದರಿಂದ ಬಂದವರು. ಈಗ ಅವರ ಮೊಮ್ಮಕ್ಕಳ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ಮನೆಯಲ್ಲಿ ಒಂದು ಮಾತು, ಬೀದಿಯಲ್ಲಿ ಕನ್ನಡ, ತಂದೆತಾಯಿಗಳ ಆಸೆಯಲ್ಲಿ ಇಂಗ್ಲಿಷು: ನ್ಯೂ ಟೌನಿನ ಮಗುವಿನ ಸ್ಥಿತಿ ಇದು.

ಈ ಮಗುವಿನ ಮನೆಮಾತಿಗೆ ಸರ್ಕಾರವು ಏನನ್ನಾದರೂ ಸಲ್ಲಿಸಬೇಕಾಗಿದೆಯೇ ಎಂಬುದೇ ಇಂದು ನಾವು ವಿಚಾರಕ್ಕೆ ತೆಗೆದುಕೊಂಡಿರುವ ಪ್ರಶ್ನೆ. ಕನ್ನಡದ ಹಕ್ಕಿಗಾಗಿ ಹೋರಾಡುವ ಪತ್ರಿಕೆಯೊಂದು ತಮಿಳು, ಉರ್ದು, ತೆಲುಗುಗಳ ಪರವಾಗಿ ಮಾತನಾಡುವುದೇಕೆಂದು ಕೆಲವು ವಾಚಕರು ಹುಬ್ಬು ಗಂಟಿಕ್ಕಬಹುದು. ಅವರು ದಯವಿಟ್ಟು ಕೊನೆಯವರೆಗೆ ಓದಬೇಕು.

ಅಲ್ಪಸಂಖ್ಯಾತರ ಭಾಷೆಯನ್ನು ಕಾಪಾಡಬೇಕೆಂಬ ಮಾತು ಲೋಕದಲ್ಲಿ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಮೊದಲನೆಯ ಮಹಾಯುದ್ಧದ ತರುವಾಯ ಯೂರೋಪಿನ ಭೂಪಟವನ್ನು ಕತ್ತರಿಸಿ ಹೊಲಿದಾಗ ಲಕ್ಷಾಂತರ ಜನರು ಎದ್ದ ಜಾಗದಲ್ಲಿಯೇ ಪರದೇಶದವರಾದರು. 1919ರಲ್ಲಿ ಪೋಲೆಂಡಿನೊಡನೆ ಆದ ಒಪ್ಪಂದವನ್ನು ಮೊದಲುಮಾಡಿಕೊಂಡು ಅನೇಕ ದೇಶಗಳು ತಮ್ಮಲ್ಲಿನ ಅಲ್ಪಸಂಖ್ಯಾತರಿಗೆ ಶಾಲೆ, ಭಾಷೆ, ಧರ್ಮಗಳ ವಿಷಯದಲ್ಲಿ ರಕ್ಷಣೆ ಕೊಡುವುದಾಗಿ ರಾಷ್ಟ್ರಸಂಘಕ್ಕೆ ಮಾತು ಕೊಟ್ಟುವು. ಆ ಸಂಘವೂ ಅಳಿಯಿತು, ಅದರ ಒಪ್ಪಂದಗಳೂ ಅಳಿದುವು. ಆದರೆ ಆ ಕಾಲದ ಒಂದು ತೀರ್ಮಾನವನ್ನು ಮಾತ್ರ ನಮ್ಮ ಅಧಿಕಾರಿಗಳು ಬಾಯಿಪಾಠ ಮಾಡಿಕೊಳ್ಳತಕ್ಕದ್ದಾಗಿದೆ. 1933ರಲ್ಲಿ ಆಲ್ಬೇನಿಯಾ ದೇಶವು ತನ್ನಲ್ಲಿನ ಖಾಸಗಿ ಶಾಲೆಗಳನ್ನೆಲ್ಲ ಮುಚ್ಚಿಸಿತು. ಗ್ರೀಕ್ ಅಲ್ಪಸಂಖ್ಯಾತರ ಶಾಲೆಗಳೂ ಮುಚ್ಚಿದುವು. ದೂರು ಹೋದಾಗ ಆ ಸರ್ಕಾರದವರು ಕೊಟ್ಟ ಉತ್ತರವು ಬಹಳ ಚಮತ್ಕಾರದ್ದು: ನಾವು ಪಕ್ಷಪಾತ ಮಾಡಿಲ್ಲ, ಬಹುಸಂಖ್ಯಾತರ ಖಾಸಗಿ ಶಾಲೆಗಳನ್ನೂ ಮುಚ್ಚಿದ್ದೇವೆ, ಎಲ್ಲರಿಗೂ ಒಂದೇ ಕಾನೂನು ಎಂದು. ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯವು 1935ರ ಏಪ್ರಿಲ್ ತಿಂಗಳಲ್ಲಿ ಇದನ್ನು ಒಪ್ಪಲಿಲ್ಲ. ಬಹುಸಂಖ್ಯಾತರಿಗೆ ಖಾಸಗಿ ಶಾಲೆ ಹೋದರೆ ಸರ್ಕಾರಿ ಶಾಲೆಯಿದೆ, ಅದು ಅವರ ಭಾಷೆಯದೇ. ಅಲ್ಪಸಂಖ್ಯಾತರಿಗೆ ಆ ಶಾಲೆ ಹೋದರೆ ಬೇರೆ ಗತಿಯಿಲ್ಲ. ಕಾನೂನಿನ ಅಕ್ಷರದಲ್ಲಿ ಸಮತೆಯಿದ್ದರೆ ಸಾಲದು, ಫಲದಲ್ಲಿಯೂ ಸಮತೆ ಬೇಕು ಎಂಬುದು ಆ ನ್ಯಾಯಾಲಯದ ಅಭಿಪ್ರಾಯದ ಸಾರ.

1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆಯು ಸಾರಿದ ಮಾನವ ಹಕ್ಕುಗಳ ಘೋಷಣೆಯಲ್ಲಿ ಅಲ್ಪಸಂಖ್ಯಾತರ ಹೆಸರೇ ಇಲ್ಲ. ಆ ಕೊರತೆ ತುಂಬಿದ್ದು 1966ರ ಒಡಂಬಡಿಕೆಯ 27ನೆಯ ವಿಧಿಯಿಂದ: ಅಲ್ಪಸಂಖ್ಯಾತರು ತಮ್ಮವರೊಡನೆ ಕೂಡಿ ತಮ್ಮ ಸಂಸ್ಕೃತಿಯನ್ನು ಅನುಭವಿಸುವ, ತಮ್ಮ ಭಾಷೆಯನ್ನು ಬಳಸುವ ಹಕ್ಕನ್ನು ನಿರಾಕರಿಸಕೂಡದು ಎಂದು. ಭಾರತವು 1979ರಲ್ಲಿ ಇದಕ್ಕೆ ಸೇರಿತು. 1992ರ ಡಿಸೆಂಬರ್ 18ರ ಘೋಷಣೆಯು ಇನ್ನೂ ಮುಂದೆ ಹೋಗಿ, ಸಾಧ್ಯವಿದ್ದಲ್ಲೆಲ್ಲ ಅಲ್ಪಸಂಖ್ಯಾತರು ತಮ್ಮ ಮಾತೃಭಾಷೆಯನ್ನು ಕಲಿಯಲು ಅಥವಾ ಅದರ ಮೂಲಕ ಕಲಿಯಲು ತಕ್ಕಷ್ಟು ಅನುಕೂಲವನ್ನು ಸರ್ಕಾರಗಳು ಒದಗಿಸಬೇಕೆಂದಿತು. ಯೂರೋಪಿನ ಭದ್ರತಾ ಸಂಘಟನೆಯ ಆಶ್ರಯದಲ್ಲಿ ತಜ್ಞರು ಸೇರಿ 1996ರಲ್ಲಿ ಹೇಗ್ ಶಿಫಾರಸುಗಳನ್ನು, 1998ರಲ್ಲಿ ಓಸ್ಲೋ ಶಿಫಾರಸುಗಳನ್ನು ಸಿದ್ಧಪಡಿಸಿದರು. ಇವು ನಮ್ಮ ದೇಶವನ್ನು ಕಟ್ಟುವುದಿಲ್ಲ. ಶಿಫಾರಸು ಎಂಬುದರ ಗತಿ ಏನೆಂಬುದನ್ನಂತೂ ಮಹಾಜನ ಆಯೋಗದ ವರದಿಯನ್ನು ಕಂಡಿರುವ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ!

ಆ ಮಾತಿನಿಂದಲೇ ಕಾಸರಗೋಡಿಗೆ ಬರೋಣ. 1956ರ ನವೆಂಬರ್ 1ರಂದು ಕನ್ನಡನಾಡು ಒಂದಾಯಿತೆಂದು ನಾವು ಹರ್ಷಪಟ್ಟ ದಿನವೇ ಕಾಸರಗೋಡು ಕೇರಳದ ಪಾಲಾಯಿತು. ಅಲ್ಲಿಯ ಕನ್ನಡಿಗರು ಎಲ್ಲಿಗೂ ವಲಸೆ ಹೋಗಿರಲಿಲ್ಲ. ಗಡಿಯೇ ಅವರ ಮನೆಯನ್ನು ದಾಟಿ ಹೋಯಿತು. ಗೋವಿಂದ ಪೈಗಳ ಮಂಜೇಶ್ವರ, ಕಯ್ಯಾರ ಕಿಞ್ಞಣ್ಣ ರೈಗಳ ಪೆರಡಾಲ ನಮ್ಮ ಸಾಹಿತ್ಯಕ್ಕೆ ಹೊರಗಾಗಲಿಲ್ಲ, ನಮ್ಮ ರಾಜ್ಯಕ್ಕೆ ಹೊರಗಾದುವು. 1967ರಲ್ಲಿ ಮಹಾಜನ ಆಯೋಗವು ಚಂದ್ರಗಿರಿ ನದಿಯ ಉತ್ತರದ ಭಾಗವನ್ನು ನಮಗೆ ಸೇರಿಸಬೇಕೆಂದು ಹೇಳಿತು, ಸೇರಲಿಲ್ಲ. ಕಿಞ್ಞಣ್ಣ ರೈಗಳು ನೂರು ವರ್ಷ ತುಂಬಿ 2015ರಲ್ಲಿ ತೀರಿಕೊಂಡರು. ಅವರು ಜೀವಮಾನವೆಲ್ಲ ಕೇಳಿದ ವಿಲೀನವನ್ನು ಕಾಣಲಿಲ್ಲ.

ವಿಲೀನದ ಮಾತು ಹಾಗಿರಲಿ. ಅಲ್ಲಿಯ ಕನ್ನಡಿಗರ ಇಂದಿನ ಕಷ್ಟ ಶಾಲೆಯ ಒಳಗಿನದು. ಕನ್ನಡ ಮಾಧ್ಯಮದ ಶಾಲೆಯಿದೆ; ಆದರೆ ಕನ್ನಡವೇ ಬಾರದ ಅಧ್ಯಾಪಕರನ್ನು ಅಲ್ಲಿಗೆ ನೇಮಿಸಿದರೆಂಬ ದೂರು ಮತ್ತೆ ಮತ್ತೆ ಬಂದಿದೆ. ತರಗತಿಯಲ್ಲಿ ಮಕ್ಕಳು ಗಣಿತದ ಪಾಠವನ್ನು ಮಲೆಯಾಳದಲ್ಲಿ ಕೇಳಿ, ಪುಸ್ತಕವನ್ನು ಕನ್ನಡದಲ್ಲಿ ಓದಿ, ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬೇಕೆಂದರೆ ಏನಾಗುವುದೆಂಬುದನ್ನು ವಿವರಿಸಬೇಕಾಗಿಲ್ಲ. ಶಾಲೆಯನ್ನು ಮುಚ್ಚಿಲ್ಲ, ಬೋರ್ಡನ್ನು ಕಿತ್ತಿಲ್ಲ, ಯಾವ ಆಜ್ಞೆಯನ್ನೂ ಹೊರಡಿಸಿಲ್ಲ. ಆದರೂ ಶಾಲೆ ಕನ್ನಡದ್ದಾಗಿ ಉಳಿಯುವುದಿಲ್ಲ. 2017ರಲ್ಲಿ ಕೇರಳ ಸರ್ಕಾರವು ಮಲೆಯಾಳವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಕಲಿಸಲು ಶಾಸನ ಮಾಡಹೊರಟಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಬೆಂಗಳೂರಿನಿಂದ ಪತ್ರಗಳು ಹೋದುವು, ಸಭೆಗಳಾದುವು, ಭಾಷಾ ಅಲ್ಪಸಂಖ್ಯಾತರ ಹಕ್ಕು, ರಾಜ್ಯಾಂಗದ ವಿಧಿ, ಮಾತೃಭಾಷೆಯ ಮಹಿಮೆ ಎಲ್ಲವನ್ನೂ ನಮ್ಮ ಮುಖಂಡರು ಎತ್ತಿ ಹೇಳಿದರು. ಅವರು ಹೇಳಿದ ಒಂದೊಂದು ಮಾತೂ ನಿಜ. ಅದೇ ಮುಖಂಡರು ಹಿಂದಿರುಗಿ ಭದ್ರಾವತಿಯ ರೈಲಿನಿಂದ ಇಳಿದಾಗ ಆ ಮಾತುಗಳನ್ನು ರೈಲಿನಲ್ಲಿಯೇ ಬಿಟ್ಟು ಇಳಿಯುವುದು ಮಾತ್ರ ಸರಿಯಲ್ಲ.

ನ್ಯೂ ಟೌನಿನವರಿಗೂ ಕಾಸರಗೋಡಿನವರಿಗೂ ಹೋಲಿಕೆ ಸಲ್ಲದು. ಅವರು ಮಣ್ಣಿನ ಮಕ್ಕಳು, ಇವರು ಹೊಟ್ಟೆಪಾಡಿಗೆ ಬಂದವರು ಎಂದು ಹೇಳುವವರುಂಟು. ವ್ಯತ್ಯಾಸವಿರುವುದನ್ನು ನಾವು ಅಲ್ಲಗಳೆಯುವುದಿಲ್ಲ. ನೆಲದ ಹಕ್ಕಿನ ಪ್ರಶ್ನೆಯಲ್ಲಿ ಆ ವ್ಯತ್ಯಾಸಕ್ಕೆ ಬೆಲೆಯುಂಟು. ಭದ್ರಾವತಿಯನ್ನು ಯಾರೂ ತಮಿಳುನಾಡಿಗೆ ಸೇರಿಸಿ ಎಂದು ಕೇಳುತ್ತಿಲ್ಲ. ಆದರೆ ಆರು ವರ್ಷದ ಮಗು ಮೊದಲನೆಯ ತರಗತಿಯ ಚಾಪೆಯ ಮೇಲೆ ಕುಳಿತಾಗ, ಅದರ ಮುತ್ತಜ್ಜ ಯಾವ ರೈಲಿನಲ್ಲಿ ಬಂದನೆಂಬುದು ಅದಕ್ಕೆ ಪಾಠ ತಿಳಿಯುವುದಕ್ಕೆ ಸಹಾಯವಾಗುವುದಿಲ್ಲ. 27ನೆಯ ವಿಧಿಯನ್ನು ವಿವರಿಸುತ್ತ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯು 1994ರಲ್ಲಿ, ಈ ರಕ್ಷಣೆ ಪಡೆಯಲು ಖಾಯಂ ನಿವಾಸಿಯೂ ಆಗಿರಬೇಕಾಗಿಲ್ಲ, ವಲಸೆ ಬಂದ ಕೆಲಸಗಾರನಿಗೂ ಅದು ಸಲ್ಲುತ್ತದೆ ಎಂದಿತು. ನ್ಯೂ ಟೌನಿನವರೋ ನೂರು ವರ್ಷದಿಂದ ನಮ್ಮ ಪ್ರಜೆಗಳು.

ಜಿನೀವಾದ ಮಾತು ಬೇಡವೆನ್ನುವವರಿಗೆ ನಮ್ಮ ದೇಶದ ಮಾತನ್ನೇ ತೋರಿಸಬಹುದು. ವಿಶ್ವಸಂಸ್ಥೆಯು ಇನ್ನೂ ಬಾಯಿಬಿಡುವ ಮೊದಲೇ, 1949ರ ಆಗಸ್ಟ್ ತಿಂಗಳಲ್ಲಿ, ನಮ್ಮ ಪ್ರಾಂತಗಳ ವಿದ್ಯಾಮಂತ್ರಿಗಳು ಸೇರಿ ಒಂದು ನಿರ್ಣಯ ಮಾಡಿದರು. ಒಂದು ಶಾಲೆಯಲ್ಲಿ 40 ಮಕ್ಕಳಾಗಲಿ, ಒಂದು ತರಗತಿಯಲ್ಲಿ 10 ಮಕ್ಕಳಾಗಲಿ ಬೇರೆ ಮಾತೃಭಾಷೆಯವರಿದ್ದರೆ, ಅವರಿಗಾಗಿ ಕಡೆಯ ಪಕ್ಷ ಒಬ್ಬ ಅಧ್ಯಾಪಕನನ್ನು ನೇಮಿಸಿ ಆ ಭಾಷೆಯಲ್ಲಿ ಪ್ರಾಥಮಿಕ ಪಾಠ ಹೇಳಿಸಬೇಕು. ಮಾತೃಭಾಷೆ ಯಾವುದೆಂದು ಹೇಳತಕ್ಕವರು ಗುಮಾಸ್ತರಲ್ಲ, ತಂದೆತಾಯಿಗಳು. ಪ್ರಾಂತಭಾಷೆಯನ್ನು ಮೂರನೆಯ ತರಗತಿಗೆ ಮೊದಲಾಗದಂತೆ, ಪ್ರಾಥಮಿಕ ಶಿಕ್ಷಣ ಮುಗಿಯುವುದರೊಳಗೆ ಆರಂಭಿಸಬೇಕು. ಎಷ್ಟು ಸರಳವಾದ ನಿಯಮ! ಲೆಕ್ಕ ಬರುವ ಯಾವ ಹೆಡ್ ಮಾಸ್ತರರೂ ಇದನ್ನು ನಡೆಸಬಹುದು. 1955ರಲ್ಲಿ ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಮಹನೀಯರ ರಾಜ್ಯ ಪುನರ್ವಿಂಗಡಣಾ ಆಯೋಗವು ಇದಕ್ಕೆ ರಾಜ್ಯಾಂಗದ ಬೆಂಬಲ ಬೇಕೆಂದಿತು. ಎಲ್ಲಿ ಗೆರೆ ಎಳೆದರೂ ಎರಡು ಕಡೆಯೂ ಕೆಲವರು ಉಳಿದೇ ಉಳಿಯುವರೆಂಬುದು ಆ ಆಯೋಗಕ್ಕೆ ತಿಳಿದಿತ್ತು. 1956ರ ಏಳನೆಯ ತಿದ್ದುಪಡಿಯಿಂದ 350-ಎ ಮತ್ತು 350-ಬಿ ವಿಧಿಗಳು ಬಂದುವು. ಪ್ರತಿಯೊಂದು ರಾಜ್ಯವೂ, ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಲು ಯತ್ನಿಸತಕ್ಕದ್ದು ಎಂಬುದು ಮೊದಲನೆಯದು. ಎರಡನೆಯದರಂತೆ 1957ರ ಜುಲೈ ತಿಂಗಳಲ್ಲಿ ಭಾಷಾ ಅಲ್ಪಸಂಖ್ಯಾತರ ಕಮಿಷನರರ ಕಚೇರಿ ಅಲಹಾಬಾದಿನಲ್ಲಿ ಸ್ಥಾಪಿತವಾಯಿತು. ಸ್ಥಳೀಯ ಸಂಸ್ಥೆ ಎಂಬ ಪದವನ್ನು ಭದ್ರಾವತಿಯ ನಗರಸಭೆಯ ಸದಸ್ಯರು ಇನ್ನೊಂದು ಸಲ ಓದಬೇಕೆಂದು ನಮ್ಮ ಬಿನ್ನಹ.

ಇನ್ನು ನಮ್ಮ ರಾಜ್ಯದ ನಡವಳಿಕೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕನ್ನಡವನ್ನು ಮಾತೃಭಾಷೆಯೆಂದವರು ನೂರಕ್ಕೆ 66ರಷ್ಟು; ಉರ್ದುವಿನವರು ಸುಮಾರು 11, ತೆಲುಗಿನವರು ಸುಮಾರು 6, ತಮಿಳರೂ ಮರಾಠಿಗರೂ ಮೂರು ಮೂರೂವರೆಯಷ್ಟು. ಮನೆಯಲ್ಲಿ ಮೂವರಲ್ಲಿ ಒಬ್ಬನ ಮಾತು ಬೇರೆ. ಗೋಕಾಕ್ ವರದಿಯ ಚಳವಳಿ ಉರಿದ 1982ರಲ್ಲಿ ಸರ್ಕಾರವು ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದು ಆಜ್ಞೆ ಹೊರಡಿಸಿತು. ಆ ಚಳವಳಿಯ ಹಿಂದಿನ ನೋವು ನಿಜವಾದದ್ದು. ಕನ್ನಡನಾಡಿನಲ್ಲಿ ಕನ್ನಡದ ಒಂದಕ್ಷರವಿಲ್ಲದೆ ಮೆಟ್ರಿಕ್ಯುಲೇಷನ್ನು ಮುಗಿಸಬಹುದಾಗಿದ್ದ ಅವಸ್ಥೆಯನ್ನು ಯಾವ ಸ್ವಾಭಿಮಾನಿಯೂ ಸಹಿಸಲಾರ. ಆದರೆ ಆಜ್ಞೆಯು ಅಲ್ಪಸಂಖ್ಯಾತರ ಹಕ್ಕಿನ ಗೋಡೆಗೆ ತಾಗಿತು. 1989ರಲ್ಲಿ ಹೈಕೋರ್ಟಿನ ಪೂರ್ಣಪೀಠವು ಅದನ್ನು ತಿದ್ದಿಸಿತು. 1994ರಲ್ಲಿ ಬಂದ ಭಾಷಾನೀತಿಯು ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವೆಂದಿತು. ಅದು 1949ರ ನಿಯಮಕ್ಕೆ ಬಲು ಹತ್ತಿರದ್ದು. ನಮ್ಮ ಮಟ್ಟಿಗೆ ಅದೇ ಸರಿಯಾದ ನೀತಿ. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠವು, ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರವು ಬಲವಂತಪಡಿಸಲಾರದು, ಆಯ್ಕೆ ಮಗುವಿನ ಪರವಾಗಿ ತಂದೆತಾಯಿಗಳದೆಂದು ತೀರ್ಪಿತ್ತಿತು. ಮರುವರ್ಷವೇ ನಮ್ಮ ಸರ್ಕಾರವು ಎಲ್ಲ ಶಾಲೆಗಳಲ್ಲಿಯೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸತಕ್ಕದ್ದೆಂದು ಶಾಸನ ಮಾಡಿತು. ಕೇರಳದ 2017ರ ಶಾಸನಕ್ಕಿಂತ ಎರಡು ವರ್ಷ ಮೊದಲೇ ನಾವು ಆ ಕೆಲಸ ಮಾಡಿದ್ದೆವೆಂಬುದನ್ನು ತಿರುವನಂತಪುರದವರು ನಮಗೆ ನೆನಪು ಮಾಡಿಕೊಟ್ಟರೆ ಕೋಪಗೊಳ್ಳುವ ಹಾಗಿಲ್ಲ.

ಇದನ್ನು ಹೇಳುವುದರಿಂದ ಆ ಶಾಸನವು ತಪ್ಪೆಂದು ನಾವು ಒಪ್ಪಿಕೊಂಡಂತಾಗಲಿಲ್ಲ. ನಾಡಿನ ಭಾಷೆಯನ್ನು ಎಲ್ಲರೂ ಕಲಿಯಬೇಕು. ಹೇಗ್ ಶಿಫಾರಸುಗಳು ಸಹ ಅಲ್ಪಸಂಖ್ಯಾತರಿಗೆ ಅದು ಕರ್ತವ್ಯವೆಂದೇ ಹೇಳಿವೆ. ಆದರೆ ಅವು ಎರಡನ್ನೂ ಒಟ್ಟಿಗೆ ಹೇಳುತ್ತವೆ. ಎಳೆಯ ಮಗುವಿಗೆ ಮೊದಲು ತನ್ನ ಮಾತು, ಅದರ ಜೊತೆಯಲ್ಲಿ ನಾಡಿನ ಮಾತು ಒಂದು ಪಾಠವಾಗಿ, ಅದೂ ಎರಡು ಭಾಷೆಗಳನ್ನೂ ಬಲ್ಲ ಅಧ್ಯಾಪಕರಿಂದ. ನಾವು ಎರಡನೆಯ ಅರ್ಧವನ್ನು ಶಾಸನ ಮಾಡಿ, ಮೊದಲನೆಯ ಅರ್ಧವನ್ನು ಅದೃಷ್ಟಕ್ಕೆ ಬಿಟ್ಟಿದ್ದೇವೆ. ಉರ್ದು ಶಾಲೆಗಳು ಸರ್ಕಾರದವೇ ಇವೆ. ಅದು ಮೈಸೂರು ಸಂಸ್ಥಾನದ ಕಾಲದಿಂದ ಬಂದ ಒಳ್ಳೆಯ ಸಂಪ್ರದಾಯ. ಅಲ್ಪಸಂಖ್ಯಾತ ಭಾಷೆಯ ಶಾಲೆಗಳು ಸಾಯುವ ರೀತಿಯನ್ನು ಇಲಾಖೆಯವರು ಬಲ್ಲರು. ಅಧ್ಯಾಪಕರು ನಿವೃತ್ತರಾಗುತ್ತಾರೆ, ಹುದ್ದೆ ಖಾಲಿ ಉಳಿಯುತ್ತದೆ, ಪಾಠವಿಲ್ಲದುದರಿಂದ ಮಕ್ಕಳು ಬಿಡುತ್ತಾರೆ, ಮಕ್ಕಳಿಲ್ಲವೆಂದು ಹುದ್ದೆ ರದ್ದಾಗುತ್ತದೆ. ಎಲ್ಲವೂ ನಿಯಮಾನುಸಾರ! ಗಡಿಯ ಕನ್ನಡ ಶಾಲೆಗಳು ಸಾಯುವುದೂ ಹೀಗೆಯೇ. ಆಲ್ಬೇನಿಯಾದವರು ಪಾಪ, ಬಹಿರಂಗವಾಗಿ ಮುಚ್ಚಿ ಸಿಕ್ಕಿಬಿದ್ದರು.

ಕನ್ನಡಕ್ಕೇ ತನ್ನ ಮನೆಯಲ್ಲಿ ಕೂಳಿಲ್ಲದಿರುವಾಗ ನೆಂಟರಿಗೆ ಎಲೆ ಹಾಕುವುದೆಲ್ಲಿಂದ ಎಂಬುದು ಇನ್ನೊಂದು ಆಕ್ಷೇಪ. ಇದನ್ನು ಹೇಳುವವರಲ್ಲಿ ಪ್ರಾಮಾಣಿಕರಿದ್ದಾರೆ. ಅವರ ವ್ಯಥೆಯಲ್ಲಿ ನಾವೂ ಭಾಗಿಗಳು. ಆದರೆ ಕನ್ನಡದ ಕೂಳನ್ನು ಕಿತ್ತುಕೊಂಡವರು ಯಾರು? ನ್ಯೂ ಟೌನಿನ ತಮಿಳು ಕೂಲಿಯ ಮಗಳಲ್ಲ, ಉರ್ದು ಶಾಲೆಯ ಮೌಲ್ವಿಯಲ್ಲ. ಕನ್ನಡ ಶಾಲೆಯಿಂದ ಕನ್ನಡದ ಮಕ್ಕಳನ್ನು ಬಿಡಿಸಿ ಇಂಗ್ಲಿಷು ಮಾಧ್ಯಮಕ್ಕೆ ಒಯ್ಯುತ್ತಿರುವವರು ಕನ್ನಡಿಗರಾದ ನಾವೇ. ತಮಿಳು ತಾಯಿಯೂ ತೆಲುಗು ತಾಯಿಯೂ ಮಾಡುತ್ತಿರುವುದು ಅದನ್ನೇ. ಅಲ್ಪಸಂಖ್ಯಾತ ಮಗುವಿಗೆ ತನ್ನ ಭಾಷೆಯ ತರಗತಿಯನ್ನು ತಪ್ಪಿಸಿದರೆ ಅದು ಕನ್ನಡಕ್ಕೆ ಬರುವುದಿಲ್ಲ, ಇಂಗ್ಲಿಷಿಗೆ ಹೋಗುತ್ತದೆ.

ಹಿಂದಿನ ಎರಡು ಕಹಿ ಪ್ರಸಂಗಗಳನ್ನು ಇಲ್ಲಿ ಮುಚ್ಚಿಡುವುದು ಉಚಿತವಲ್ಲ. 1991ರ ಡಿಸೆಂಬರಿನಲ್ಲಿ ಕಾವೇರಿ ನ್ಯಾಯಮಂಡಲಿಯ ಮಧ್ಯಂತರ ತೀರ್ಪಿನ ನೆಪದಲ್ಲಿ ನಮ್ಮ ರಾಜ್ಯದ ತಮಿಳರ ಮೇಲೆ ನಡೆದದ್ದು, 1994ರ ಅಕ್ಟೋಬರಿನಲ್ಲಿ ದೂರದರ್ಶನದ ಉರ್ದು ವಾರ್ತೆಯ ನೆಪದಲ್ಲಿ ಬೆಂಗಳೂರಿನಲ್ಲಿ ನಡೆದದ್ದು, ಇವೆರಡೂ ಕನ್ನಡದ ಹೆಸರನ್ನು ಹೊತ್ತುವು. ಕನ್ನಡಕ್ಕೆ ಒಂದು ಕಾಸಿನ ಲಾಭವಾಗಲಿಲ್ಲ. ಆ ದಿನಗಳ ವರ್ತಮಾನವನ್ನು ಕಾಸರಗೋಡಿನಲ್ಲಿಯೂ ಓದಿದರು, ಹೊಸೂರಿನಲ್ಲಿಯೂ ಓದಿದರು. ಅಲ್ಲಿಯ ಕನ್ನಡಿಗರಿಗೆ ಅದು ಸುಖದ ವಾರ್ತೆಯಾಗಿದ್ದಿರಲಾರದು.

ಏಕೀಕರಣದ ಹಿರಿಯರ ತಲೆಮಾರಿಗೆ ಈ ಪಾಠವನ್ನು ಯಾರೂ ಹೇಳಬೇಕಾಗಿರಲಿಲ್ಲ. ಮುಂಬಯಿ, ಮದರಾಸು, ಹೈದರಾಬಾದುಗಳಲ್ಲಿ ಅವರು ತಾವೇ ಅಲ್ಪಸಂಖ್ಯಾತರಾಗಿದ್ದರು. ಧಾರವಾಡದ ಸೀಮೆಯಲ್ಲಿ ಕನ್ನಡದ ಮಕ್ಕಳು ಮರಾಠಿಯಲ್ಲಿ ಓದಬೇಕಾಗಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದ್ದು ಆ ಸಂಕಟದಿಂದಲೇ. ನಿಜಾಮರ ನಾಡಿನಲ್ಲಿ ಕನ್ನಡಿಗನ ಮಗು ಉರ್ದುವಿನಲ್ಲಿ ಲೆಕ್ಕ ಕಲಿಯಿತು. ಇವರು ಕೇಳಿದ್ದು ಬೇರೆಯವರ ಭಾಷೆ ಅಳಿಯಲೆಂದಲ್ಲ, ತಮ್ಮ ಮಗುವಿಗೆ ತನ್ನ ಭಾಷೆಯ ಅಧ್ಯಾಪಕ ಬೇಕೆಂದು. ಅದಕ್ಕಿಂತ ಹೆಚ್ಚಿನದನ್ನು ನ್ಯೂ ಟೌನಿನ ತಂದೆಯೂ ಕೇಳುತ್ತಿಲ್ಲ.

ಮಲೆನಾಡಿನಲ್ಲಿ ಇನ್ನೂ ಸದ್ದಿಲ್ಲದ ಭಾಷೆಗಳಿವೆ. ಶಿವಮೊಗ್ಗೆಯ ಪಕ್ಕದ ಮತ್ತೂರಿನಲ್ಲಿ ಸಂಸ್ಕೃತ ಮಾತನಾಡುವರೆಂದು ನೋಡಲು ಬರುವ ಪ್ರವಾಸಿಗಳು, ಅಲ್ಲಿಯ ಮನೆಗಳಲ್ಲಿ ಸಂಕೇತಿಯೆಂಬ ಮಾತೂ ಇದೆಯೆಂಬುದನ್ನು ಗಮನಿಸುವುದಿಲ್ಲ. ತಾಂಡಾಗಳ ಲಂಬಾಣಿಗೆ ತನ್ನದೇ ಲಿಪಿಯಿಲ್ಲ, ಎಂಟನೆಯ ಪರಿಚ್ಛೇದದಲ್ಲಿ ಸ್ಥಳವಿಲ್ಲ. ಜನಗಣತಿಯವರು ಅದನ್ನು ಹಿಂದಿಯ ಕೆಳಗೆ ಎಣಿಸುತ್ತಾರೆ. ತಾಂಡಾದ ಮುದುಕಿಗೆ ತಾನು ಹಿಂದಿಯವಳೆಂದು ತಿಳಿದರೆ ನಗುವಳೋ ಬೈಯುವಳೋ! ಈ ಭಾಷೆಗಳ ವಿಚಾರವನ್ನು ಬೇರೆ ಲೇಖನದಲ್ಲಿ ಮಾಡುವುದೇ ಲೇಸು.

ಭದ್ರಾವತಿಯ ಮಟ್ಟಿಗೆ ಕಾಲ ಮೀರುತ್ತಿದೆ. ಕಾಗದದ ಕಾರ್ಖಾನೆಯ ಯಂತ್ರಗಳು 2015ರ ಸುಮಾರಿಗೆ ನಿಂತುವು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಕೆಲಸಗಾರರು ತಿಂಗಳುಗಟ್ಟಲೆ ಧರಣಿ ಕುಳಿತರು. ವಿಶ್ವೇಶ್ವರಯ್ಯನವರ ಕಾರ್ಖಾನೆ ಉಳಿಯಲೆಂಬ ಕೂಗಿನಲ್ಲಿ ಕನ್ನಡಿಗನ ದನಿ ಯಾವುದು, ತಮಿಳನ ದನಿ ಯಾವುದೆಂದು ಯಾರೂ ಬೇರ್ಪಡಿಸಲಿಲ್ಲ. ಕೆಲಸ ಹೋದ ಮನೆಯಲ್ಲಿ ಮೊದಲು ಅರಕೆಯಾಗುವುದು ಮಕ್ಕಳ ಓದು. ಖಾಸಗಿ ಶಾಲೆಯ ಶುಲ್ಕ ತೆರಲಾರದವರು ಸರ್ಕಾರಿ ಶಾಲೆಯ ಬಾಗಿಲಿಗೇ ಬರಬೇಕು. ಅಂಥ ಮನೆಯ ಮಗುವಿಗೆ ಅಲ್ಲಿ ತನ್ನ ಮಾತು ಬಲ್ಲ ಒಬ್ಬ ಅಧ್ಯಾಪಕ ಸಿಗುವನೋ ಇಲ್ಲವೋ ಎಂಬುದು ಈಗಿನ ಪ್ರಶ್ನೆ.

ಇದಕ್ಕೆ ಹೊಸ ಶಾಸನ ಬೇಡ, ಹೊಸ ಆಯೋಗವಂತೂ ಬೇಡವೇ ಬೇಡ. ಶಾಲೆಗೆ ಸೇರಿಸುವಾಗ ತುಂಬುವ ದಾಖಲಾತಿ ಪುಸ್ತಕದಲ್ಲಿ ಮಾತೃಭಾಷೆಯೆಂಬ ಒಂದು ಕಾಲಂ ಇದೆ. ಗುಮಾಸ್ತರು ಅದನ್ನು ಕೇಳದೆ ತುಂಬುವುದೂ ಉಂಟು. ಮುಂದಿನ ವರ್ಷದ ದಾಖಲಾತಿಯ ಹೊತ್ತಿಗೆ ಭದ್ರಾವತಿಯ ಕ್ಷೇತ್ರ ಶಿಕ್ಷಣಾಧಿಕಾರಿಗಳು ಎಲ್ಲ ಶಾಲೆಗಳಲ್ಲಿಯೂ ಈ ಕಾಲಮನ್ನು ತಂದೆತಾಯಿಗಳನ್ನು ಕೇಳಿಯೇ ತುಂಬಿಸಲಿ. ನ್ಯೂ ಟೌನು, ಹಳೆಯ ಊರು, ಕಾಗದನಗರಗಳ ಶಾಲೆಗಳಲ್ಲಿ ತರಗತಿಗೆ 10, ಶಾಲೆಗೆ 40 ಎಲ್ಲೆಲ್ಲಿ ಬರುವುದೆಂದು ಎಣಿಸಿ, ಆ ಪಟ್ಟಿಯನ್ನೂ ಖಾಲಿಯಿರುವ ಹುದ್ದೆಗಳ ಪಟ್ಟಿಯನ್ನೂ ಶಿವಮೊಗ್ಗೆಯ ಉಪನಿರ್ದೇಶಕರ ಕಚೇರಿಗೆ ಕಳುಹಿಸಲಿ. ಪಟ್ಟಿಯ ಒಂದು ಪ್ರತಿಯನ್ನು ನಗರಸಭೆಯ ಬಾಗಿಲಿನಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಲಿ. ಕಾಸರಗೋಡಿನ ಶಾಲೆಗಳ ವಿಷಯವಾಗಿ ನಮ್ಮ ಸರ್ಕಾರದವರು ತಿರುವನಂತಪುರಕ್ಕೆ ಮುಂದಿನ ಪತ್ರವನ್ನು ಬರೆಯುವಾಗ ಅದರ ಇನ್ನೊಂದು ಪ್ರತಿಯನ್ನು ಜೊತೆಯಲ್ಲಿ ಲಗತ್ತಿಸಬಹುದು.